ದೊಡ್ಡ ಬಂದೂಕನ್ನು ಆಯತಕ್ಕವರು ಯಾರು?

ಹೊನವಾಡದಿಂದ ತರುಣ ರೈತರೊಬ್ಬರು ನಮಗೊಂದು ಪತ್ರ ಬರೆದಿದ್ದಾರೆ. ಕೆನೆತ್ ಆಂಡರ್ಸನ್ನನ ಬೇಟೆಯ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದದ್ದನ್ನು ಅವರು ಓದಿದ್ದಾರೆ. ಜಿಮ್ ಕಾರ್ಬೆಟ್ಟನನ್ನೂ ಓದಿದ್ದಾರೆ. ಆ ಓದಿನ ಹುರುಪಿನಲ್ಲಿ ಅವರು ನಮ್ಮನ್ನು ಕೇಳುವದೇನೆಂದರೆ: ಆನೆ, ಕಾಡುಕೋಣ, ಹುಲಿ ಮೊದಲಾದ ಘಾತುಕ ಮೃಗಗಳ ಎದುರಿಗೆ ನಿಲ್ಲಬೇಕಾದವನು ಯಾವ ದೊಡ್ಡ ಬೋರಿನ ರೈಫಲನ್ನು ಆಯ್ದುಕೊಳ್ಳತಕ್ಕದ್ದು? ಪತ್ರದ ಕೊನೆಗೆ ಇನ್ನೊಂದು ಸಾಲು ಇದೆ. ತಮ್ಮ ಗೋವಿನಜೋಳದ ಹೊಲವನ್ನು ಹಂದಿಗಳು ಎರಡು ಸಾರೆ ಹಾಳುಮಾಡಿದಾಗ್ಯೂ ಒಂದು ಸಾದಾ ಬಂದೂಕಿನ ಪರವಾನಿಗೆ ಸಹ ತಮಗೆ ಇನ್ನೂ ದೊರೆತಿಲ್ಲವೆಂದು.

ಇದನ್ನು ಓದಿ ನಮ್ಮ ಕಚೇರಿಯಲ್ಲಿ ನಕ್ಕವರುಂಟು. ವಿಜಯಪುರದ ಬಯಲಿನಲ್ಲಿ ಆನೆಯೆಲ್ಲಿ, ಕಾಡುಕೋಣವೆಲ್ಲಿ? ನಮ್ಮ ಸೀಮೆಯಲ್ಲಿ ಇರುವವು ಚಿಗರಿ, ತೋಳ, ನರಿ, ಹಂದಿ. ಅದೂ ಅಲ್ಲದೆ 1972ರ ವನ್ಯಜೀವಿ ಸಂರಕ್ಷಣೆಯ ಕಾಯಿದೆಯಾದ ಬಳಿಕ ಬೇಟೆಯೆಂಬುದು ಈ ದೇಶದಲ್ಲಿ ಅಪರಾಧ. ಆದರೂ ಪ್ರಶ್ನೆಯು ನಗತಕ್ಕದ್ದೆಂದು ನಮಗೆ ತೋರುವದಿಲ್ಲ. ಮೃಗದ ಎದುರಿಗೆ ನಿಲ್ಲಬೇಕಾದ ಜನರು ಕನ್ನಡ ನಾಡಿನಲ್ಲಿ ಇಂದಿಗೂ ಇದ್ದಾರೆ. ಅವರ ಕೈಯಲ್ಲಿ ಯಾವ ಬಂದೂಕು ಇರಬೇಕೆಂಬುದನ್ನು ಆಯುವವರು ಯಾರೆಂಬುದು ರಾಜಕಾರಣದ ಪ್ರಶ್ನೆ. ನೂರೈವತ್ತು ವರ್ಷಗಳಿಗೂ ಮಿಕ್ಕಿ ಅದು ರಾಜಕಾರಣದ ಪ್ರಶ್ನೆಯೇ ಆಗಿದೆ. ಆದಕಾರಣ ಆ ತರುಣರಿಗೆ ಮೊದಲು ನೇರಾದ ಉತ್ತರ ಕೊಟ್ಟು, ಬಳಿಕ ನಮ್ಮ ಮಾತಿಗೆ ಬರುವೆವು.

ಬೋರು ಎಂದರೇನು? ಹಿಂದಿನ ಲೆಕ್ಕದಲ್ಲಿ, ಬಂದೂಕಿನ ಬಾಯಿಗೆ ಸರಿಹೋಗುವ ಎಷ್ಟು ಗುಂಡುಗಳನ್ನು ಒಂದು ಪೌಂಡು ಸೀಸದಿಂದ ಎರಕ ಹೊಯ್ಯಲು ಬರುವದೋ ಅಷ್ಟು ಬೋರಿನದು ಆ ಬಂದೂಕು. ಹೀಗಾಗಿ ಅಂಕಿ ಸಣ್ಣದಾದಷ್ಟೂ ಬಾಯಿ ದೊಡ್ಡದು. ಮೈಸೂರು ಸೀಮೆಯಲ್ಲಿ ಖೆಡ್ಡಾ ನಡೆಸಿ ಆನೆಗಳನ್ನು ಹಿಡಿಸಿದ ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿಯು 1870ರ ದಶಕದಲ್ಲಿ ಎಂಟು ಬೋರು, ನಾಲ್ಕು ಬೋರುಗಳ ಬಂದೂಕುಗಳನ್ನು ಹೆಗಲಿಗಿಟ್ಟು ಹಾರಿಸುತ್ತಿದ್ದನು. ನಾಲ್ಕು ಬೋರಿನ ಗುಂಡೆಂದರೆ ಕಾಲು ಪೌಂಡು. ನಮ್ಮ ಅಕ್ಕಸಾಲಿಗರ ತೂಕದಲ್ಲಿ ಹತ್ತು ತೊಲೆಗೆ ತುಸು ಕಡಿಮೆ. ಕರಿಮದ್ದಿನ ಕಾಲದಲ್ಲಿ ಗುಂಡಿಗೆ ವೇಗ ಸಾಲುತ್ತಿರಲಿಲ್ಲವಾದ್ದರಿಂದ ತೂಕದಿಂದಲೇ ಕೆಲಸ ತೆಗೆಯಬೇಕಾಗುತ್ತಿತ್ತು. ಹೊಗೆಯಿಲ್ಲದ ಮದ್ದು ಬಂದ ಮೇಲೆ ಈ ಲೆಕ್ಕವೇ ತಲೆಕೆಳಗಾಯಿತು. 1898ರಲ್ಲಿ ರಿಗ್ಬಿ ಎಂಬ ಬಂದೂಕುಗಾರನು .450 ಬೋರಿನ ಹೊಸ ರೈಫಲನ್ನು ಹೊರತಂದನು. ಒಂದು ಅಂಗುಲವನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ 450 ಪಾಲಿನಷ್ಟು ಅಗಲ ಅದರ ನಳಿಗೆ; ಗುಂಡಿನ ತೂಕ 480 ಗ್ರೇನು, ಅಂದರೆ ಎರಡೂ ಮುಕ್ಕಾಲು ತೊಲೆಗೆ ತುಸು ಕಡಿಮೆ; ವೇಗ ಸೆಕೆಂಡಿಗೆ 2,150 ಅಡಿ. ಹತ್ತು ತೊಲೆಯ ಸೀಸವು ಮಾಡುತ್ತಿದ್ದ ಕೆಲಸವನ್ನು ಈ ಸಣ್ಣ ಗುಂಡು ಹೆಚ್ಚು ಚೆನ್ನಾಗಿ ಮಾಡಿತು.

ಆದರೆ ತೂಕ ಮತ್ತು ವೇಗಗಳಿಗಿಂತ ಮೊದಲು ನೋಡತಕ್ಕದ್ದು ಮೃಗದ ಮೈಕಟ್ಟು. ಆನೆಯ ಮಿದುಳು ತಲೆಯ ಹಿಂಭಾಗದಲ್ಲಿ, ಜೇನುಹಟ್ಟಿಯಂತೆ ಗೂಡುಗೂಡಾದ ಎಲುಬಿನ ಆಳದಲ್ಲಿ ಅಡಗಿದೆ. ಅಲ್ಲಿಯ ವರೆಗೆ ಓರೆಯಾಗದೆ, ಚಪ್ಪಟೆಯಾಗದೆ ನುಗ್ಗಬೇಕಾದರೆ ಗಟ್ಟಿ ಲೋಹದ ಹೊದಿಕೆಯ ಗುಂಡೇ ಬೇಕು. ಕಾಡುಕೋಣದ ಮಾತು ಹೆಚ್ಚುಕಡಿಮೆ ಹೀಗೆಯೇ. ಅದರ ಹೆಗಲಿನ ಮಾಂಸವೂ ಎಲುಬೂ ಒಂದು ಗೋಡೆಯಂತಿರುವವು. ಹುಲಿಯದು ಬೇರೆ. ಅದರ ತೊಗಲು ತೆಳುವು, ಮೈ ಹಗುರು, ಸಿಟ್ಟು ಬಹಳ. ಗಟ್ಟಿ ಗುಂಡು ಅದರ ಮೈಯೊಳಗಿಂದ ಸೂಜಿಯಂತೆ ಹಾಯ್ದು ಹೋಗುವದು, ಹುಲಿಯು ಮುಂದಕ್ಕೆ ಬರುತ್ತಲೇ ಇರುವದು. ಅದಕ್ಕೆ ಮೈಯಲ್ಲಿ ಹೊಕ್ಕು ಅರಳುವ ಮೆತ್ತನೆ ಮೂತಿಯ ಗುಂಡು ತಕ್ಕದ್ದು. ಅದೇ ಮೆತ್ತನೆಯ ಗುಂಡನ್ನು ಆನೆಯ ಹಣೆಗೆ ಹೊಡೆದವನು ಎರಡನೆಯ ಗುಂಡು ಹಾರಿಸಲು ಉಳಿಯುವದು ಸಂಶಯ. ನಮ್ಮ ಪತ್ರಲೇಖಕರು ಓದಿದ ಆಂಡರ್ಸನ್ನನು ಬೆಂಗಳೂರಿನವನು, ಅವನು ನೆಚ್ಚಿದ್ದು.405 ವಿಂಚೆಸ್ಟರನ್ನು, ಗುಂಡಿನ ತೂಕ ಒಂದೂ ಮುಕ್ಕಾಲು ತೊಲೆಗೆ ಒಂದಿಷ್ಟು ಕಡಿಮೆ. ಹುಲಿ ಚಿರತೆಗಳಿಗೆ ಅದು ಸಾಕು. ಆನೆಗೆ ಅದನ್ನು ಹಿಡಿದು ಹೋಗೆಂದು ನಾವು ಯಾರಿಗೂ ಹೇಳೆವು.

ಆಫ್ರಿಕದಲ್ಲಿ ಬೆಲ್ ಎಂಬವನು .275 ಬೋರಿನ ಸಣ್ಣ ರೈಫಲಿನಿಂದಲೇ ನೂರಾರು ಆನೆಗಳನ್ನು ಕೆಡವಿದನಲ್ಲ, ಎಂದು ಬಲ್ಲವರು ಕೇಳಬಹುದು. ನಿಜ. ಆದರೆ ಬೆಲ್ಲನು ಆನೆಯ ತಲೆಬುರುಡೆಯನ್ನು ಗರಗಸದಿಂದ ಕೊಯ್ದು, ಮಿದುಳಿನ ಜಾಗವನ್ನು ಕಣ್ಣಾರೆ ನೋಡಿ ಅಭ್ಯಾಸ ಮಾಡಿದವನು. ಮೇಲಾಗಿ ಯಾವ ಆನೆಗೆ, ಯಾವ ಹೊತ್ತಿಗೆ, ಯಾವ ಮಗ್ಗುಲಿನಿಂದ ಹೊಡೆಯಬೇಕೆಂಬುದು ಅವನ ಇಷ್ಟಕ್ಕೆ ಬಿಟ್ಟದ್ದಾಗಿತ್ತು. ಇಲ್ಲಿಯೇ ನಮ್ಮ ವಾಚಕರು ಒಂದು ಭೇದವನ್ನು ಗಮನಿಸಬೇಕು. ಷಿಕಾರಿಯು ತನ್ನ ಹೊತ್ತನ್ನು ತಾನೇ ಆಯ್ದುಕೊಳ್ಳುವನು. ಕಾವಲುಗಾರನಿಗೆ ಹೊತ್ತನ್ನು ಮೃಗವು ಆಯ್ದುಕೊಡುವದು. ಲಂಟಾನದ ಪೊದೆಯಿಂದ ಹದಿನೈದು ಹೆಜ್ಜೆಯಲ್ಲಿ ಎದ್ದು ಬರುವ ಗಾಯಗೊಂಡ ಸಲಗವನ್ನು ನಿಲ್ಲಿಸಬೇಕಾದವನಿಗೆ ಬೆಲ್ಲನ ಸಣ್ಣ ರೈಫಲು ಕೆಲಸಕ್ಕೆ ಬಾರದು. ಆತನ ಗುಂಡು ಮಿದುಳಿಗೆ ನಾಲ್ಕು ಬೆರಳು ತಪ್ಪಿದರೂ ಆನೆಯನ್ನು ಒಂದು ಕ್ಷಣ ತತ್ತರಿಸುವಂತೆ ಮಾಡಬೇಕು. ಆ ಒಂದು ಕ್ಷಣಕ್ಕಾಗಿಯೇ ದೊಡ್ಡ ಬೋರು ಹುಟ್ಟಿದ್ದು. ಆಫ್ರಿಕದ ಹಲವು ದೇಶಗಳಲ್ಲಿ .375ಕ್ಕಿಂತ ಸಣ್ಣದನ್ನು ಆನೆಯ ಮೇಲೆ ಹಿಡಿಯಕೂಡದೆಂದು ಕಾಯಿದೆಯನ್ನೇ ಮಾಡಿದ್ದಾರೆ.

ಜೋಡುನಳಿಗೆಯದೋ, ತೋಟಾ ಪೆಟ್ಟಿಗೆಯುಳ್ಳ ಬೋಲ್ಟಿನದೋ? ಜೋಡುನಳಿಗೆಯಲ್ಲಿ ಎರಡನೆಯ ಗುಂಡಿಗೆ ಕೈ ಎತ್ತುವ ಕಾರಣವಿಲ್ಲ. ಒಂದು ಕಡೆಯ ಯಂತ್ರ ಕೆಟ್ಟರೆ ಇನ್ನೊಂದು ಕಡೆಯದು ಇದ್ದೇ ಇರುವದು. ಆದರೆ ಅದು ಕೈಗೆಲಸದ ಮಾಲು, ಬೆಲೆಯು ರಾಜರಿಗೇ ಸರಿ. ಬೋಲ್ಟಿನದು ಅಗ್ಗ, ನಾಲ್ಕೈದು ತೋಟಾ ಹಿಡಿಯುವದು, ಕೆಸರು ಧೂಳುಗಳಿಗೆ ಅಂಜದು. 1912ರಲ್ಲಿ ಹಾಲಂಡ್ ಕಂಪನಿಯವರು ಹೊರತಂದ .375 ಈ ಬಗೆಯದರಲ್ಲಿ ಇಂದಿಗೂ ಹೆಸರಾದದ್ದು. ಹುಲಿಯಿಂದ ಕಾಡುಕೋಣದ ವರೆಗೆ ಒಂದೇ ರೈಫಲು ಬೇಕೆನ್ನುವವನಿಗೆ ನಮ್ಮ ಮತ ಅದಕ್ಕೇ. ಆನೆಯ ಕೆಲಸಕ್ಕೆ 500 ಗ್ರೇನಿನ ಗುಂಡು ಹಾರಿಸುವ .470 ಅಥವಾ 1956ರ .458 ಇರಬೇಕು. ಇವುಗಳ ಒದೆತವನ್ನು ಸಹಿಸುವ ಹೆಗಲೂ ಬೇಕು. ಒದೆತಕ್ಕೆ ಅಂಜಿ ಕಣ್ಣು ಮುಚ್ಚುವವನ ಕೈಯಲ್ಲಿ .470 ಇರುವದಕ್ಕಿಂತ ಬಡಿಗೆ ಇರುವದು ಲೇಸು. ದೊಡ್ಡ ಬಾಯಿಯೊಂದೇ ಸಾಕೆನ್ನುವಂತಿದ್ದರೆ ನಮ್ಮ ಊರ ಕೋಟೆಯ ಮೇಲೆ ಮಲಿಕ್-ಎ-ಮೈದಾನ ಇದ್ದೇ ಇದೆ: 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, 55 ಟನ್ನಿನ ತೂಕ, ಮುಂಭಾಗದಲ್ಲಿ ಸಿಂಹದ ತೆರೆದ ಬಾಯಿ, ಹಲ್ಲುಗಳ ನಡುವೆ ಸಿಕ್ಕ ಆನೆ. 1854ರಲ್ಲಿ ಇಂಗ್ಲೀಷರು ಅದನ್ನು ಲಿಲಾವಿಗೆ ಇಟ್ಟಾಗ ಬಂದ ಸವಾಲು ನೂರೈವತ್ತು ರೂಪಾಯಿ. ಅಷ್ಟಕ್ಕೆ ಕೊಡಲು ಅವರಿಗೂ ನಾಚಿಕೆಯಾಗಿ ಅದು ಇಲ್ಲಿಯೇ ಉಳಿಯಿತು.

ರೈಫಲಿನ ಮಾತು ಇಷ್ಟು. ಇನ್ನು ಅದನ್ನು ಆಯ್ದವರ ಮಾತು.

ಮುಧೋಳದ ಸಮೀಪದ ಹಲಗಲಿಯು 1997ರಲ್ಲಿ ಬಾಗಲಕೋಟೆ ಬೇರೆಯಾಗುವ ತನಕ ನಮ್ಮ ಜಿಲ್ಲೆಯ ಹಳ್ಳಿಯೇ ಆಗಿತ್ತು. ಅಲ್ಲಿಯ ಬೇಡರಿಗೆ ಆಯುಧವೆಂದರೆ ಅನ್ನ. ಬೇಟೆ ಅವರ ಕುಲದ ಕಸುಬು. 1857ರಲ್ಲಿ ಪ್ರಜೆಗಳು ಆಯುಧಗಳನ್ನು ಸರಕಾರಕ್ಕೆ ಒಪ್ಪಿಸಬೇಕು, ಪರವಾನಿಗೆಯಿಲ್ಲದೆ ಇಟ್ಟುಕೊಳ್ಳಕೂಡದು ಎಂಬ ಕಾಯಿದೆ ಬಂದಾಗ ಜಡಗ, ಬಾಲ ಮೊದಲಾದವರು ಅದಕ್ಕೆ ಒಪ್ಪಲಿಲ್ಲ. ಆ ವರುಷದ ನವೆಂಬರಿನ ಕೊನೆಗೆ ದಂಡು ಬಂದು ಹಳ್ಳಿಗೆ ಬೆಂಕಿ ಇಟ್ಟಿತು. ಸೆರೆ ಸಿಕ್ಕವರಲ್ಲಿ ಹಲವರನ್ನು ಮುಧೋಳದಲ್ಲಿಯೂ ಹಲಗಲಿಯಲ್ಲಿಯೂ ಗಲ್ಲಿಗೇರಿಸಿದರು. ಅವರ ಲಾವಣಿಯನ್ನು ಸಂಗ್ರಹಿಸಿ ಅಚ್ಚು ಹಾಕಿಸಿದವನು ಫ್ಲೀಟ್ ಎಂಬ ಇಂಗ್ಲೀಷ ಅಧಿಕಾರಿಯೇ ಎಂಬುದು ಕಾಲದ ವಿನೋದ. ನಾಲ್ಕು ವರ್ಷಗಳ ತರುವಾಯ, 1861ರಲ್ಲಿ, ಕೊಡಗಿನವರಿಗೆ ಅವರ ರಾಜನಿಷ್ಠೆಗೆ ಮೆಚ್ಚಿ ಆಯುಧದ ಕಾಯಿದೆಯಿಂದ ವಿನಾಯಿತಿ ಕೊಡಲಾಯಿತು. ಕೊಡವರು ಕೋವಿಯನ್ನು ಕೈಲ್‌ಪೊಳ್ದಿನಲ್ಲಿ ಪೂಜಿಸುವವರು. ಆ ವಿನಾಯಿತಿ ಇಂದಿಗೂ ನಡೆದಿದೆ, ಕೇಂದ್ರ ಸರಕಾರವು 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಿದೆ. ಕೊಡಗಿನ ಬಂಧುಗಳ ಈ ಹಕ್ಕನ್ನು ಕಂಡು ನಮಗೆ ಹೊಟ್ಟೆಕಿಚ್ಚಿಲ್ಲ. ಒಂದೇ ಕನ್ನಡ ನಾಡಿನಲ್ಲಿ ಬಂದೂಕಿಗಾಗಿ ಒಬ್ಬನಿಗೆ ನೇಣು, ಇನ್ನೊಬ್ಬನಿಗೆ ಸನ್ನದು ಆದದ್ದು ಮೃಗವನ್ನು ನೋಡಿ ಅಲ್ಲ, ಮನುಷ್ಯನನ್ನು ನೋಡಿ ಎಂಬುದಷ್ಟೇ ನಮ್ಮ ಮಾತು.

1878ರಲ್ಲಿ ಲಾರ್ಡ್ ಲಿಟ್ಟನ್ನನ ಶಸ್ತ್ರ ಕಾಯಿದೆ ಬಂದಿತು. ಬಿಳಿಯರಿಗೆ ಪರವಾನಿಗೆಯ ಕಾರಣವಿಲ್ಲ, ಹಿಂದೀಯರಿಗೆ ಪರವಾನಿಗೆಯಿಲ್ಲದೆ ಗತಿಯಿಲ್ಲ. ಅಹಿಂಸೆಯ ಮೂರ್ತಿಯಾದ ಗಾಂಧೀಜಿಯವರು ಸಹ ಇಡೀ ಜನಾಂಗವನ್ನು ನಿಃಶಸ್ತ್ರಗೊಳಿಸಿದ ಈ ಕಾಯಿದೆಯನ್ನು ಆಂಗ್ಲರ ಅಪಕೃತ್ಯಗಳಲ್ಲಿ ಅತ್ಯಂತ ಕರಾಳವೆಂದು ಎಣಿಸಿದ್ದರೆಂಬುದು ಅವರ ಆತ್ಮಕಥೆಯನ್ನು ಓದಿದವರಿಗೆ ವಿದಿತವಿದೆ.

ಇನ್ನು 1907ರ ಕಥೆಯನ್ನು ಕೇಳಿರಿ. ಹಿಂದುಸ್ಥಾನದಲ್ಲಿ ಆ ಕಾಲಕ್ಕೆ ಹಳೆಯ ಮಾರ್ಟಿನಿ-ಹೆನ್ರಿ ಸೈನಿಕ ಬಂದೂಕುಗಳು ಅಲ್ಲಲ್ಲಿ ಉಳಿದಿದ್ದವು, ಅವುಗಳ ಬೋರು.450. ಷಿಕಾರಿಗಳ .450 ತೋಟಾಗಳ ಗುಂಡುಗಳನ್ನು ಕಿತ್ತು ಬಂಡಾಯಗಾರರು ಆ ಬಂದೂಕುಗಳಲ್ಲಿ ತುಂಬಿಯಾರೆಂದು ಸರಕಾರಕ್ಕೆ ಭಯ. ಆದ್ದರಿಂದ ಹಿಂದುಸ್ಥಾನಕ್ಕೂ ಸುಡಾನಿಗೂ .450 ಬೋರಿನ ಮಾಲನ್ನು ತರಕೂಡದೆಂದು ತಡೆ ಹಾಕಿದರು. ಲಂಡನ್ನಿನ ಬಂದೂಕುಗಾರರು ಏನು ಮಾಡಿದರು? ಹಿಂದುಸ್ಥಾನದ ಸಾಹೇಬರೂ ಸಂಸ್ಥಾನಿಕರೂ ಅವರ ದೊಡ್ಡ ಗಿರಾಕಿಗಳು. ನಳಿಗೆಯನ್ನು ಒಂದಿಷ್ಟು ಅಗಲ ಮಾಡಿ .465, .470, .475, .476 ಎಂದು ಒಂದರ ಮೇಲೊಂದು ಹೊಸ ಬೋರುಗಳನ್ನು ಹೊರತಂದರು. .450ರ ಗುಂಡಿಗೂ .470ರ ಗುಂಡಿಗೂ ಇರುವ ಅಂತರ ಅರ್ಧ ಮಿಲಿಮೀಟರಿಗಿಂತ ಕಡಿಮೆ, ಒಂದು ಉಗುರಿನ ದಪ್ಪ. ಆನೆಗೆ ಈ ಅಂತರ ತಿಳಿಯದು. ಇಂದು ಜಗತ್ತಿನ ಧನಿಕ ಬೇಟೆಗಾರರು .470ನ್ನು ರೈಫಲುಗಳ ರಾಜನೆಂದು ಕೊಂಡಾಡುವರು. ಅದು ಹುಟ್ಟಿದ್ದು ಯಾವ ಮೃಗದ ಚರ್ಮದ ದಪ್ಪವನ್ನು ಅಳೆದೂ ಅಲ್ಲ, ನಮ್ಮ ಮೇಲಿನ ಅವಿಶ್ವಾಸವನ್ನು ಅಳೆದು.

ಅದೇ 1907ರಲ್ಲಿ ಕುಮಾವೂದ ಚಂಪಾವತದಲ್ಲಿ ಕಾರ್ಬೆಟ್ಟನು ಒಂದು ಹೆಣ್ಣು ಹುಲಿಯನ್ನು ಕೊಂದನು. ಅದು ನೇಪಾಳದಲ್ಲಿಯೂ ಕುಮಾವೂದಲ್ಲಿಯೂ ಕೂಡಿ 436 ಜನರನ್ನು ತಿಂದಿತ್ತೆಂದು ಅವನೇ ಬರೆದಿದ್ದಾನೆ. ಸರಕಾರವು ಉಗುರಿನ ದಪ್ಪದ ಅಂತರವನ್ನು ಅಳೆಯುತ್ತ ಕುಳಿತಾಗ ಆ ಗುಡ್ಡಗಾಡಿನ ಜನ ಬಾಗಿಲು ಹಾಕಿಕೊಂಡು ಮನೆಯಲ್ಲಿದ್ದರು. ಕಟ್ಟಕಡೆಗೆ ಕಾರ್ಬೆಟ್ಟನ ತೋಟಾಗಳು ಮುಗಿದು, ಅವನು ತಹಶೀಲದಾರರ ಹಳೆಯ ಬಂದೂಕನ್ನು ತೆಗೆದುಕೊಂಡು ಕೆಲಸ ಮುಗಿಸಬೇಕಾಯಿತು.  ಇನ್ನೂ ಒಂದು ಸಂಗತಿ: ಆ ಹುಲಿಯ ಕೋರೆಹಲ್ಲುಗಳು ಮುರಿದಿದ್ದವು, ಯಾರೋ ಎಂದೋ ಹೊಡೆದ ಗುಂಡಿನಿಂದ. ಅದಕ್ಕಾಗಿಯೇ ಅದು ನರಭಕ್ಷಕವಾದದ್ದೆಂದು ಕಾರ್ಬೆಟ್ಟನ ನಿರ್ಣಯ. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವದು.

ಸ್ವರಾಜ್ಯ ಬಂದರೆ ಇದೆಲ್ಲ ಬದಲಾಗುವದೆಂದು ನಮ್ಮ ಹಿರಿಯರು ತಿಳಿದಿದ್ದರು. 1931ರ ಕರಾಚಿ ಕಾಂಗ್ರೆಸ್ಸಿನ ಮೂಲಭೂತ ಹಕ್ಕುಗಳ ಠರಾವಿನಲ್ಲಿ, ನಿಯಮಗಳಿಗೆ ಒಳಪಟ್ಟು ಶಸ್ತ್ರ ಹೊಂದುವ ಹಕ್ಕು ಪ್ರತಿಯೊಬ್ಬ ನಾಗರಿಕನಿಗೂ ಇದೆಯೆಂದು ಬರೆದರು. ಸಂವಿಧಾನದಲ್ಲಿ ಆ ಹಕ್ಕು ಸೇರಲಿಲ್ಲ. ಹಳೆಯ ಕಾಯಿದೆ ಹೋಗಿ 1959ರ ಕಾಯಿದೆ ಬಂದಿತು. ಬಿಳಿ ಕರಿಯರ ಭೇದ ಹೋಯಿತು, ಅದು ಸಣ್ಣ ಮಾತಲ್ಲ. ಆದರೆ ಬೋರಿನ ಭಯ ಹೋಗಲಿಲ್ಲ. ಸೈನ್ಯದ ತೋಟಾ ಹಾರಿಸಬಲ್ಲ .303 ರೈಫಲು ಸಾಮಾನ್ಯ ಪ್ರಜೆಗೆ ಇಂದಿಗೂ ನಿಷಿದ್ಧ. ಅದರ ಬದಲು ಆಂಗ್ಲರ ಕಾಲದಿಂದ ನಡೆದು ಬಂದ .315 ನಮ್ಮ ಸರಕಾರಿ ಕಾರಖಾನೆಗಳಲ್ಲಿ ತಯಾರಾಗುವದು, ಇದಕ್ಕೂ.303ಕ್ಕೂ ಗುಂಡಿನ ದಪ್ಪದಲ್ಲಿ ಇರುವ ಅಂತರ ಮತ್ತೆ ಆ ಉಗುರಿನಷ್ಟೇ. 1959ರ ಕಾಯಿದೆಯಲ್ಲಿ ಇನ್ನೊಂದು ಸ್ವಾರಸ್ಯವಿದೆ. ಆತ್ಮರಕ್ಷಣೆಗಾದರೆ ನುಣುಪು ನಳಿಗೆಯ ಬಂದೂಕು. ಬೆಳೆಯ ರಕ್ಷಣೆಗಾದರೆ ಬಾಯಿಂದ ಮದ್ದು ಜಡಿದು ತುಂಬುವ ಬಂದೂಕು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಬೇರೆಯದು. ಪೇಶವೆಯರ ಕಾಲದ ಸಾಮಾನಿನಿಂದ ಇಂದಿನ ರೈತನು ಹೊಲ ಕಾಯಬೇಕೆಂಬುದು ಕಾಯಿದೆಯ ಇಚ್ಛೆ!

ಬೇಟೆಯನ್ನು ನಿಲ್ಲಿಸಿದ್ದರಲ್ಲಿ ಸರಕಾರದ್ದು ತಪ್ಪೆಂದು ನಾವು ಎಂದೂ ಹೇಳಿಲ್ಲ, ಈಗಲೂ ಹೇಳುವದಿಲ್ಲ. ಮೈಸೂರಿನ ವ್ಯಾನ್ ಇಂಗನ್ ಕಾರಖಾನೆಯಲ್ಲಿ ತೊಗಲು ಹದಮಾಡಿಸಿಕೊಂಡು ಹೋದ ಹುಲಿ ಚಿರತೆಗಳ ಲೆಕ್ಕ ನಲವತ್ತು ಸಾವಿರವನ್ನು ಮೀರಿತ್ತೆಂದು ಅದರ ದಫ್ತರಗಳನ್ನು ನೋಡಿದವರು ಬರೆದಿದ್ದಾರೆ. ರಾಜ, ಸಾಹೇಬ, ದಿವಾನರ ಗೋಡೆಗಳಿಗಾಗಿ ಕಾಡು ಬರಿದಾಯಿತು. 1972ರಲ್ಲಿ ದೇಶದ ಹುಲಿಗಳನ್ನು ಎಣಿಸಿದಾಗ ಸಿಕ್ಕದ್ದು 1,827. ಆ ಬಳಿಕದ ಕಟ್ಟುನಿಟ್ಟಿನಿಂದ 2022ರ ಎಣಿಕೆಗೆ ಕರ್ನಾಟಕವೊಂದರಲ್ಲಿಯೇ 563 ಹುಲಿಗಳು, 2023ರ ಎಣಿಕೆಗೆ 6,395 ಆನೆಗಳು ಇವೆ. ಇದು ಹೆಮ್ಮೆಯ ವಿಷಯ. ಆದರೆ ಮೃಗವನ್ನು ಉಳಿಸಿದ ಸರಕಾರವು ಮೃಗದ ಎದುರಿಗೆ ನಿಲ್ಲುವವನನ್ನು ಉಳಿಸುವ ಹೊಣೆಯನ್ನೂ ಹೊತ್ತಿತೆಂಬುದನ್ನು ಮರೆತಂತಿದೆ.

2023ರಲ್ಲಿ ಹಾಸನ ಜಿಲ್ಲೆಯಲ್ಲಿ ನಡೆದದ್ದನ್ನು ನೋಡಿರಿ. ಆಗಸ್ಟಿನ ಕೊನೆಗೆ ಆಲೂರು ತಾಲೂಕಿನಲ್ಲಿ, ಗಾಯಗೊಂಡ ಕಾಡಾನೆಗೆ ಅರವಳಿಕೆಯ ಮದ್ದು ಹೊಡೆಯಲು ಹೋದ, ಆ ಕೆಲಸದಲ್ಲಿ ನುರಿತ ಇಲಾಖೆಯ ಗುರಿಕಾರರೊಬ್ಬರು ಅದೇ ಆನೆಯ ಕಾಲಿಗೆ ಸಿಕ್ಕು ಮೃತರಾದರು. ಡಿಸೆಂಬರ್ 4ರಂದು ಸಕಲೇಶಪುರ ತಾಲೂಕಿನ ಯಸಳೂರಿನ ಕಾಡಿನಲ್ಲಿ, ಎಂಟು ಸಾರೆ ದಸರೆಯ ಚಿನ್ನದ ಅಂಬಾರಿ ಹೊತ್ತ ಅರ್ಜುನನು ಒಂಟಿ ಸಲಗದೊಡನೆ ಸೆಣಸಿ ಬಿದ್ದನು. ನಾಡೆಲ್ಲ ಕಣ್ಣೀರು ಸುರಿಸಿತು. ಅರ್ಜುನನಿಗೆ ಸ್ಮಾರಕ ಬೇಕೆಂದು ಕೂಗಿದರು. ಅವನ ಬೆನ್ನ ಮೇಲಿದ್ದವರ ಕೈಯಲ್ಲಿ ಏನಿತ್ತು, ಏನಿರಬೇಕಾಗಿತ್ತು ಎಂದು ಕೇಳಿದವರು ವಿರಳ.

ಅರವಳಿಕೆಯ ಕೋವಿ ದಯೆಯ ಆಯುಧ, ನಿಜ. ಆದರೆ ಅದರ ಸೂಜಿ ನಾಟಿದ ಬಳಿಕ ಮದ್ದು ಏರಲು ಕೆಲವು ನಿಮಿಷಗಳು ಬೇಕು. ಕೆರಳಿದ ಆನೆಗೆ ನಲವತ್ತು ಗಜ ದಾಟಲು ನಾಲ್ಕೈದು ಸೆಕೆಂಡು ಸಾಕು. ಸೂಜಿ ಹೊಡೆಯುವವನ ಹಿಂದೆ, ಎರಡು ಹೆಜ್ಜೆ ಮಗ್ಗುಲಿಗೆ, ಗಟ್ಟಿ ಗುಂಡಿನ .458 ಅಥವಾ .470 ಹಿಡಿದು ಅಲುಗದೆ ನಿಲ್ಲುವ ಇನ್ನೊಬ್ಬ ಬೇಕು. ಅವನು ನೂರು ಸಾರೆಯಲ್ಲಿ ತೊಂಬತ್ತೊಂಬತ್ತು ಸಾರೆ ಗುಂಡು ಹಾರಿಸದೆ ಮನೆಗೆ ಬರುವಂಥವನಾಗಿರಬೇಕು. ನಮ್ಮ ಗಸ್ತಿನವರ ಕೈಯಲ್ಲಿ ನಾವು ಕಂಡದ್ದು ಹನ್ನೆರಡು ಬೋರಿನ ಬಂದೂಕು, ಒಂದೊಂದು ಕಡೆ .315, ಉಳಿದವರಲ್ಲಿ ಪಟಾಕಿ ಮತ್ತು ಬಡಿಗೆ. .315ರ ಗುಂಡು ಒಂದೂ ಕಾಲು ತೊಲೆಗೆ ತುಸು ಹೆಚ್ಚು. ಚಿಗರಿಗೆ ಸರಿ, ಹಂದಿಗೆ ಸರಿ. ಸಲಗದ ಹಣೆಯ ಎದುರಿಗೆ ಅದು ಮನಸ್ಸಿನ ಸಮಾಧಾನಕ್ಕಷ್ಟೇ.

ದೊಡ್ಡ ರೈಫಲು ಕೊಟ್ಟರೆ ಆನೆಗಳನ್ನು ಕೊಂದು ಹಾಕುವರೆಂದು ಮೃಗಪ್ರೇಮಿಗಳು ಅಂಜುವರು. ಅವರ ಅಂಜಿಕೆಯನ್ನು ನಾವು ಗೌರವಿಸುವೆವು. 2018ರ ನವೆಂಬರಿನಲ್ಲಿ ಮಹಾರಾಷ್ಟ್ರದ ಯವತಮಾಳದಲ್ಲಿ ಒಂದು ಹೆಣ್ಣು ಹುಲಿಯನ್ನು ರಾತ್ರಿಯ ಹೊತ್ತಿನಲ್ಲಿ ಖಾಸಗಿ ಬೇಟೆಗಾರರಿಂದ ಕೊಲ್ಲಿಸಿದ ಬಗೆಯು ಯಾರಿಗೂ ಶೋಭಿಸುವಂಥದಲ್ಲ. ಆದರೆ ಚಂಪಾವತದ ಹುಲಿಯ ಮುರಿದ ಹಲ್ಲನ್ನು ನೆನೆಯಿರಿ. ಅಂಜಿದವನ ಕೈಯ ಸಣ್ಣ ಬಂದೂಕು ಮೃಗವನ್ನು ಕೊಲ್ಲುವದಿಲ್ಲ, ಗಾಯಗೊಳಿಸುವದು. ಮೈಯಲ್ಲಿ ಚರೆ ಹೊತ್ತು ಕುಂಟುವ ಆನೆಯೇ ನಾಳೆಯ ಪುಂಡಾನೆ. ಕೈಯಲ್ಲಿ ನಂಬುಗೆಯ ಆಯುಧವುಳ್ಳವನು ಕೊನೆಯ ಕ್ಷಣದ ವರೆಗೆ ತಾಳಬಲ್ಲನು. ಕಾಯಿದೆಯ 11ನೆಯ ಕಲಮು ಹೇಳುವದೂ ಇದನ್ನೇ: ಮೃಗವನ್ನು ಹಿಡಿಯಲು, ಮಂಪರುಗೊಳಿಸಲು, ಸ್ಥಳಾಂತರಿಸಲು ಸಾಧ್ಯವಿಲ್ಲವೆಂದು ಖಾತ್ರಿಯಾದ ಮೇಲೆಯೇ ಮುಖ್ಯ ವನ್ಯಜೀವಿ ಪರಿಪಾಲಕರು ಕೊಲ್ಲಲು ಅಪ್ಪಣೆ ಕೊಡಬಹುದು. ಆ ಅಪ್ಪಣೆ ಬಂದ ದಿನ ಹೊಡೆಯುವವನು ಯಾರು, ಯಾವುದರಿಂದ ಹೊಡೆಯುವನು ಎಂಬುದು ಮುಂಚೆಯೇ ಗೊತ್ತಿರಬೇಕು. 2014ರ ಕೊನೆಗೆ, ಚಿಕ್ಕಮಗಳೂರಿನ ಕಡೆ ಹಿಡಿದು ನಮ್ಮ ಭೀಮಗಡದಲ್ಲಿ ಬಿಟ್ಟ ಹುಲಿಯು ಖಾನಾಪುರದ ಹೆಣ್ಣುಮಗಳೊಬ್ಬಳನ್ನು ಕೊಂದು, ಬಳಿಕ ಗುಂಡಿಗೆ ಬಲಿಯಾಯಿತು. ಒಂದೂರಿನ ತೊಂದರೆಯನ್ನು ಇನ್ನೊಂದೂರಿಗೆ ಸಾಗಿಸಿ, ಕೊನೆಗೆ ಹೊಡೆಯಲೇಬೇಕಾಯಿತು.

ಜನರ ತಾಳ್ಮೆಯು ಎಲ್ಲಿಗೆ ಬಂದಿದೆಯೆಂಬುದಕ್ಕೆ 2025ರ ವರ್ಷವೊಂದೇ ಸಾಕು. ಜೂನಿನಲ್ಲಿ ಮಲೆ ಮಹದೇಶ್ವರ ಬೆಟ್ಟದ ಕಾಡಿನಲ್ಲಿ ತಾಯಿ ಹುಲಿಯೊಂದು ನಾಲ್ಕು ಮರಿಗಳೊಡನೆ ವಿಷ ತಿಂದು ಸತ್ತಿತು. ಹುಲಿ ಕೊಂದ ಹಸುವಿನ ಹೆಣಕ್ಕೆ ವಿಷ ಹಾಕಲಾಗಿತ್ತು. ಸೆಪ್ಟೆಂಬರಿನಲ್ಲಿ ಗುಂಡ್ಲುಪೇಟೆಯ ಬೊಮ್ಮಲಾಪುರದ ರೈತರು, ಹುಲಿ ಹಿಡಿಯಲು ತಂದಿಟ್ಟ ಬೋನಿನೊಳಗೆ ಅರಣ್ಯ ಸಿಬ್ಬಂದಿಯನ್ನೇ ಕೂಡಿಹಾಕಿದರು. ನವೆಂಬರಿನಲ್ಲಿ, ಸರಗೂರಿನ ಸುತ್ತ ಹುಲಿಯ ಬಾಯಿಗೆ ರೈತರು ಬಿದ್ದ ಮೇಲೆ, ಬಂಡೀಪುರ ನಾಗರಹೊಳೆಗಳ ಸಫಾರಿಯನ್ನು ನಿಲ್ಲಿಸಿ ಆ ಸಿಬ್ಬಂದಿಯನ್ನು ಹುಲಿ ಹುಡುಕಲು ಕಳಿಸಬೇಕಾಯಿತು. ಬಂದೂಕಿಗೆ ಬೋರು ಉಂಟು, ಲೆಕ್ಕ ಉಂಟು, ಪರವಾನಿಗೆಯ ನಂಬರು ಉಂಟು. ವಿಷಕ್ಕೆ, ಉರುಳಿಗೆ, ಬೇಲಿಗೆ ಹಾಯಿಸಿದ ಕರೆಂಟಿಗೆ, ಹಂದಿಗೆಂದು ಇಟ್ಟ ಸಿಡಿಮದ್ದಿಗೆ ಇವಾವುವೂ ಇಲ್ಲ. ನೇರಾದ ದಾರಿಯನ್ನು ಇಕ್ಕಟ್ಟು ಮಾಡಿದಷ್ಟೂ ಈ ಕಳ್ಳದಾರಿಗಳು ಅಗಲವಾಗುವವು.

ಸರಕಾರವು 2022ರಲ್ಲಿ ಕಾಡಾನೆಯ ಕಾಟವುಳ್ಳ ಜಿಲ್ಲೆಗಳಿಗೆ ಆನೆ ಕಾರ್ಯಪಡೆಗಳನ್ನು ಮಾಡಿತು. ಒಳ್ಳೆಯದೇ. ಪ್ರತಿ ಪಡೆಗೂ ದೊಡ್ಡ ಬೋರಿನ ಎರಡು ರೈಫಲುಗಳು, ಅವುಗಳನ್ನು ಹಿಡಿಯಲು ಆಯ್ದ ನಾಲ್ಕು ಜನ, ವರುಷಕ್ಕೆ ಅಭ್ಯಾಸಕ್ಕೆಂದು ಸಾಕಷ್ಟು ತೋಟಾಗಳು, ಇಷ್ಟನ್ನು ಕೊಡಲು ಬೊಕ್ಕಸಕ್ಕೆ ಭಾರವೇನೂ ಆಗದು. ಆದರೆ ರೈಫಲನ್ನು ಬೆಂಗಳೂರಿನ ಮೇಜಿನ ಮೇಲೆ ಟೆಂಡರಿನ ಅಗ್ಗದ ದರ ನೋಡಿ ಆಯಬಾರದು. ಅದನ್ನು ಹಿಡಿದು ಲಂಟಾನದೊಳಗೆ ಹೋಗುವವನು ತನ್ನ ಹೆಗಲಿಗಿಟ್ಟು, ಹಾರಿಸಿ ನೋಡಿ, ಇದು ಬೇಕು, ಇದು ಬೇಡ ಎಂದು ಹೇಳಬೇಕು. ಅವನಿಗೆ ಖಾಯಂ ನೌಕರಿಯೂ ಬೇಕು. ದಿನಗೂಲಿಯವನನ್ನು ಸಲಗದ ಎದುರಿಗೆ ನಿಲ್ಲಿಸಿ ವೀರನೆಂದು ಹೊಗಳುವದು ನಮಗೆ ಸೇರದು.

ರೈತರ ಮಾತನ್ನೂ ಬಿಡಲಾಗದು. ಚುನಾವಣೆ ಬಂದಿತೆಂದರೆ ಪರವಾನಿಗೆಯುಳ್ಳ ಬಂದೂಕುಗಳನ್ನೆಲ್ಲ ಠಾಣೆಗೆ ತಂದೊಪ್ಪಿಸಿರೆಂದು ಹುಕುಮು ಹೊರಡುವದು. ಬೆಳೆಗೂ ಚುನಾವಣೆಗೂ ಒಂದೇ ಹಂಗಾಮು ಕೂಡಿದರೆ ಹಂದಿಗಳಿಗೆ ಸುಗ್ಗಿ. ದುಂಡಾವರ್ತಿಯವನನ್ನೂ ಹೊಲ ಕಾಯುವವನನ್ನೂ ಒಂದೇ ಚೀಲದಲ್ಲಿ ಹಾಕುವ ಈ ಪದ್ಧತಿಗೂ 1857ರ ಹುಕುಮಿಗೂ ಮನಸ್ಸು ಒಂದೇ. ನೆರೆಯ ಕೇರಳದವರು 2022ರಲ್ಲಿ ಬೆಳೆ ಹಾಳುಮಾಡುವ ಹಂದಿಗಳ ಮೇಲೆ ಗುಂಡು ಹಾರಿಸಲು ಅಪ್ಪಣೆ ಕೊಡುವ ಅಧಿಕಾರವನ್ನು ಗ್ರಾಮ ಪಂಚಾಯತಿಯ ಅಧ್ಯಕ್ಷರಿಗೆ ಒಪ್ಪಿಸಿದರು. ಅದರಲ್ಲಿ ಕುಂದುಗಳಿರಬಹುದು, ಆದರೂ ಹಳ್ಳಿಯವನನ್ನು ನಂಬಿ ನೋಡಿದರಲ್ಲ! ಕಾಸರಗೋಡಿನ ನಮ್ಮ ಕನ್ನಡಿಗರಿಗೆ ದೊರೆತದ್ದು ತಿಕೋಟಾದ ಕನ್ನಡಿಗರಿಗೆ ಯಾಕೆ ದೊರೆಯಬಾರದು?

ಹೊನವಾಡದ ತರುಣರಿಗೆ ಇನ್ನೆರಡು ಮಾತು. ತಮಗೆ .470 ಬೇಡ. 1980ರ ದಶಕದ ತರುವಾಯ ಅಂಥವು ಸಾಮಾನ್ಯರಿಗೆ ಹೊರಗಿನಿಂದ ಬರುವದೂ ನಿಂತಿದೆ. ಹಳೆಯ ಮನೆತನಗಳಲ್ಲಿ ಉಳಿದವಕ್ಕೆ ತಕ್ಕ ತೋಟಾ ಸಿಗುವದು ದುರ್ಲಭ. 2022ರ ತಿದ್ದುಪಡಿಯ ಬಳಿಕ ಹಂದಿಯೂ ಎರಡನೆಯ ಅನುಸೂಚಿಯಲ್ಲಿದೆ, ಅಪ್ಪಣೆಯಿಲ್ಲದೆ ಹೊಡೆದರೆ ತಾವೇ ಅಪರಾಧಿಗಳಾಗುವಿರಿ. ಹಾಳಾದ ಬೆಳೆಯ ಚಿತ್ರ ತೆಗೆದು ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿರಿ. ನುಣುಪು ನಳಿಗೆಯ ಹನ್ನೆರಡು ಬೋರಿಗೆ ಜಿಲ್ಲಾಧಿಕಾರಿಗಳಲ್ಲಿ ಹೊಸದಾಗಿ ಅರ್ಜಿ ಹಾಕಿರಿ, ಬಾಯಿಂದ ತುಂಬುವದು ಯಾಕೆ ಸಾಲದೆಂಬುದನ್ನು ಅದರಲ್ಲಿ ಸ್ಪಷ್ಟವಾಗಿ ಬರೆಯಿರಿ. 2016ರ ಶಸ್ತ್ರ ನಿಯಮಗಳಲ್ಲಿ ಪೋಲೀಸರ ವರದಿಗೆ 30 ದಿನಗಳ ಗಡುವು ಇದೆ. ಅರ್ಜಿಯ ಒಂದು ಪ್ರತಿಯನ್ನು ದಿನಾಂಕ ಸಹಿತ ನಮಗೆ ಕಳುಹಿಸಿರಿ. ಎಷ್ಟನೆಯ ದಿನಕ್ಕೆ ಏನು ಉತ್ತರ ಬಂದಿತೆಂಬುದನ್ನು ಇದೇ ಪುಟದಲ್ಲಿ ಪ್ರಕಟಿಸುವೆವು.